ಎಂಟು ತಿರುಪಿನ ಮಂಚ

ನಾಗರಾಜ ಮಂಚದ ಕಾಲಿಗೆ ಉಳಿ ಇಟ್ಟು ಮೊದಲ ಏಟು ಹಾಕಿದ. ಉಗುರಿನಷ್ಟಗಲದ ಹೊನ್ನೆ ಮರದ ಚಕ್ಕೆಯೊಂದು ಹಾರಿ ನನ್ನ ಸೀರೆಯ ನೆರಿಗೆಯ ಮೇಲೆ ಬಿತ್ತು. ಎತ್ತಿ ಮೂಗಿನ ಹತ್ತಿರ ಹಿಡಿದೆ. ಹರಳೆಣ್ಣೆಯ ವಾಸನೆ. ನಲವತ್ತು ವರ್ಷ ಮರದ ಹೊಟ್ಟೆಯೊಳಗೆ ಅಡಗಿ ಕೂತಿದ್ದ ವಾಸನೆ, ಮನೆಯೇ ಇನ್ನಿರುವುದಿಲ್ಲ ಎನ್ನುವ ವಾರದಲ್ಲಿ ಎದ್ದು ಬಂತು. ಕೊಳ್ಳೇಗಾಲದ ನಮ್ಮ ಮನೆ ರಸ್ತೆ ಅಗಲ ಮಾಡುವುದಕ್ಕೆ ಹೋಗುತ್ತಿದೆ. ಸಾಮಾನೆಲ್ಲ ಸಾಗಿಸಿಯಾಗಿತ್ತು. ಉಳಿದದ್ದು ನಡುಮನೆಯ ಪಕ್ಕದ ಕೋಣೆಯಲ್ಲಿದ್ದ ಅಜ್ಜಿಯ ಮಂಚ ಒಂದೇ. ಕೋಣೆಯ ಬಾಗಿಲು ಕಿರಿದು, ಮಂಚ ಅಗಲ. ಬಿಚ್ಚೋಣವೆಂದರೆ ಅದರ ಎಂಟು ತಿರುಪುಗಳಲ್ಲಿ ಒಂದೂ ಮಿಸುಕಲಿಲ್ಲ. ನಾಗರಾಜ ಸೀಮೆಎಣ್ಣೆ ಬಿಟ್ಟು ನೋಡಿದ, ತಟ್ಟಿ ನೋಡಿದ, ಸ್ಕ್ರೂ ಡ್ರೈವರಿಗೆ ಇಕ್ಕಳ ಸಿಕ್ಕಿಸಿ ಮೈಭಾರವೆಲ್ಲ ಹಾಕಿ ತಿರುಗಿಸಿದ. ಕೊನೆಗೆ ಕಾಲು ಸೀಳದೆ ಬೇರೆ ದಾರಿಯಿಲ್ಲ ಎಂದ. ಸೀಳಪ್ಪ ಎಂದವಳೂ ನಾನೇ. ಆದರೆ ಆ ಚಕ್ಕೆಯನ್ನು ಮೂಸಿದ ಮೇಲೆ ಕೈ ಅಡ್ಡ ಹಿಡಿದು, ಒಂದು ಟೀ ಕುಡಿದುಕೊಂಡು ಬಾ ಎಂದು ಅವನನ್ನು ಹೊರಗೆ ಕಳಿಸಿದೆ.

ಹರಳೆಣ್ಣೆ ಎಂದರೆ ನಿಮಗೆ ಎಣ್ಣೆನೀರಿನ ಭಾನುವಾರಗಳು ನೆನಪಾಗಬಹುದು, ಮೂಗು ಒತ್ತಿ ಹಿಡಿದು ಗಂಟಲಿಗೆ ಸುರಿದ ಭೇದಿಯ ದಿನಗಳು ನೆನಪಾಗಬಹುದು. ನನಗೆ ನೆನಪಾಗುವುದು ಅಪ್ಪನ ಕೈ. ಬೀದಿಗೆ ತೆರೆದುಕೊಂಡಿದ್ದ ನಮ್ಮ ಮನೆಯ ಮುಂದಿನ ಅಂಕಣವೇ ಅಪ್ಪನ ವರ್ಕ್‌ಶಾಪು. ಸುತ್ತಲ ಹಳ್ಳಿಗಳ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿಯ ಬಿಡಿಭಾಗ, ರೇಷ್ಮೆ ತೆಗೆಯುವ ಮಿಷಿನ್ನು ಎಲ್ಲ ಅಲ್ಲಿಗೆ ಕಾಯಿಲೆ ಬಿದ್ದು ಬರುತ್ತಿದ್ದವು. ಕಬ್ಬಿಣದ ತೂತಿನೊಳಗೆ ಹಲ್ಲು ಕೊರೆದು ತಿರುಪು ಕೂರಿಸಲು ಟ್ಯಾಪ್ ಎನ್ನುವ ಉಕ್ಕಿನ ಕಡ್ಡಿಗಳಿರುತ್ತವೆ. ಅಪ್ಪ ಅವನ್ನು ದೇವರ ಸಾಮಾನಿನ ಹಾಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಡುತ್ತಿದ್ದ. ಆದರೆ ಅಪ್ಪನಿಗೆ ಒಂದು ಹುಚ್ಚಿತ್ತು. ಕಬ್ಬಿಣಕ್ಕೆ ಮಾಡುವುದನ್ನೇ ಮರಕ್ಕೂ ಮಾಡುತ್ತಿದ್ದ. ಗಟ್ಟಿ ಮರ ಸಿಕ್ಕಿದರೆ ಸಾಕು, ಬೈರಿಗೆಯಲ್ಲಿ ತೂತು ಕೊರೆದು, ಹರಳೆಣ್ಣೆ ಬಿಟ್ಟು, ಟ್ಯಾಪನ್ನು ಇಳಿಸುವನು. ಒಂದು ಸುತ್ತು ಮುಂದಕ್ಕೆ, ಅರ್ಧ ಸುತ್ತು ಹಿಂದಕ್ಕೆ. ಮತ್ತೆ ಒಂದು ಮುಂದಕ್ಕೆ, ಅರ್ಧ ಹಿಂದಕ್ಕೆ. ಎಣ್ಣೆ ಕಲಸಿದ ಹುರಿಹಿಟ್ಟಿನ ಹಾಗೆ ಮರದ ಪುಡಿ ಮೇಲೆ ಬರುತ್ತಿತ್ತು. ನಾನು ಅದನ್ನು ಬಾಯಲ್ಲಿ ಉಫ್ ಎಂದು ಊದಿ ಕಣ್ಣಿಗೆ ಹಾರಿಸಿಕೊಂಡು ಬೈಸಿಕೊಳ್ಳುತ್ತಿದ್ದೆ. ಕೊರೆದು ಮುಗಿದ ಮೇಲೆ ಅಪ್ಪ ನನ್ನ ಕಿರುಬೆರಳನ್ನು ಆ ತೂತಿನೊಳಗೆ ತೂರಿಸಿ ತಿರುಗಿಸುವನು. ಒಳಗೆ ಸಾಲಾಗಿ ಕೂತ ಹಲ್ಲುಗಳು ಬೆರಳಿಗೆ ತಾಗುತ್ತಿದ್ದವು.

ಅಜ್ಜಿ ಎಂದರೆ ಅಪ್ಪನ ತಾಯಿ. ತಾತ ಹೋದ ಮೇಲೆ ಮೂರು ಗಂಡುಮಕ್ಕಳು ಭಾಗವಾದರು. ದೊಡ್ಡಪ್ಪ ಲೊಕ್ಕನಹಳ್ಳಿಯ ಹೊಲ ಹಿಡಿದು ಕಾಡಿನ ಅಂಚಿಗೆ ಹೋದ. ಚಿಕ್ಕಪ್ಪ ಯಳಂದೂರಿನಲ್ಲಿ ಆಫೀಸಿನ ಕೆಲಸದಲ್ಲಿದ್ದ. ಅಪ್ಪನಿಗೆ ಬಂದದ್ದು ಕೊಳ್ಳೇಗಾಲದ ಈ ಮನೆ. ಅಜ್ಜಿಯನ್ನು ಮಾತ್ರ ಮೂರು ಪಾಲು ಮಾಡಲಾಗದೆ ವರ್ಷವನ್ನೇ ಮೂರು ಪಾಲು ಮಾಡಿದರು. ಯುಗಾದಿಯಿಂದ ಶ್ರಾವಣದವರೆಗೆ ಲೊಕ್ಕನಹಳ್ಳಿ, ಅಲ್ಲಿಂದ ಕಾರ್ತಿಕ ಕಳೆಯುವವರೆಗೆ ಯಳಂದೂರು, ಮತ್ತೆ ಯುಗಾದಿಯವರೆಗೆ ನಮ್ಮ ಮನೆ. ಯಾರೂ ಅವಳನ್ನು ಕೀಳಾಗಿ ಕಂಡವರಲ್ಲ, ಅದನ್ನು ಹೇಳಲೇಬೇಕು. ದೊಡ್ಡಪ್ಪನಂತೂ ಅವ್ವ ಬರುವ ದಿನ ಹಟ್ಟಿ ಬಾಗಿಲಿಗೆ ಸಗಣಿ ಸಾರಿಸಿ, ಎಮ್ಮೆಯ ಮೊದಲ ಹಾಲನ್ನು ಎತ್ತಿಡಿಸಿ ಕಾಯುತ್ತಿದ್ದ. ಒಬ್ಬನೇ ಮಗ ವರ್ಷವಿಡೀ ಇಟ್ಟುಕೊಂಡರೆ ಉಳಿದಿಬ್ಬರ ಮರ್ಯಾದೆ ಏನಾಗಬೇಕು? ಊರವರ ಬಾಯಿ ನಿಮಗೆ ಗೊತ್ತೇ ಇದೆ. ಹೀಗೆ ಮರ್ಯಾದೆಗೆ ಅಂಜಿ ಮೂವರೂ ಅವಳನ್ನು ಸುತ್ತಿಸುತ್ತಿದ್ದರು.

ಅಜ್ಜಿಯದು ಒಂದೇ ಹಟ. ಮಂಚ ಎಲ್ಲೋ ತಾನಲ್ಲಿ. ಅವಳನ್ನು ಧನಗೆರೆಯಿಂದ ಮದುವೆ ಮಾಡಿ ಕಳಿಸುವಾಗ ಅವಳ ಅಪ್ಪ ಹೊನ್ನೆ ಮರ ಕಡಿಸಿ ಮಾಡಿಸಿಕೊಟ್ಟ ಮಂಚ ಅದು. ಮೂರು ಬಾಣಂತನ ಅದರ ಮೇಲೆ, ತಾತ ಕಣ್ಣು ಮುಚ್ಚಿದ್ದು ಅದರ ಮೇಲೆ. ಬೇರೆ ಮಂಚದಲ್ಲಿ ಮಲಗಿಸಿದರೆ ಬೆಳಗ್ಗೆ ನೋಡುವಾಗ ನೆಲದ ಮೇಲೆ ಚಾಪೆಯಲ್ಲಿರುತ್ತಿದ್ದಳು. ಹಾಗಾಗಿ ವರ್ಷಕ್ಕೆ ಮೂರು ಸಲ ಮಂಚವನ್ನೂ ಬಿಚ್ಚಿ, ಕಟ್ಟು ಕಟ್ಟಿ, ಬಸ್ಸಿನ ಟಾಪಿಗೆ ಏರಿಸಬೇಕು. ಮೊದಲು ಅದಕ್ಕೆ ಮರದ ಗೂಟಗಳಿದ್ದವು. ಬಡಿದು ಬಡಿದು ಗೂಟದ ಕಂಡಿಗಳು ಅಗಲವಾದವು. ನಮ್ಮ ಬೀದಿಯ ಪುಟ್ಟಾಚಾರ್ರು ಚೂಪು ಮೂತಿಯ ಮರದ ಸ್ಕ್ರೂ ಹೊಡೆದುಕೊಟ್ಟರು. ಆ ಜಾತಿಯ ಸ್ಕ್ರೂ ಮರವನ್ನು ಕಚ್ಚುವುದು ಒಂದೇ ಸಲ. ಮೂರನೆಯ ಸಲ ಬಿಚ್ಚಿ ಹಾಕುವ ಹೊತ್ತಿಗೆ ಗಿರಗಿರ ತಿರುಗತೊಡಗಿದವು. ಯಳಂದೂರಿನಲ್ಲಿ ಒಂದು ಬೆಳಗ್ಗೆ ಪಟ್ಟಿ ಕಳಚಿ ಅಜ್ಜಿ ಹಲಗೆ ಸಮೇತ ಕೆಳಗೆ ಬಿದ್ದಳು. ಸೊಂಟಕ್ಕೆ ಪೆಟ್ಟಾಯಿತು. ಆ ನೋವು ಅವಳನ್ನು ಮತ್ತೆ ಬಿಡಲಿಲ್ಲ.

ಮುಂದಿನ ಸಲ ಮಂಚ ನಮ್ಮ ಮನೆಗೆ ಬಂದಾಗ ಅಪ್ಪ ಅದನ್ನು ವರ್ಕ್‌ಶಾಪಿಗೆ ಹೊತ್ತುಕೊಂಡು ಹೋಗಿ ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹಳೆಯ ತೂತುಗಳಿಗೆ ಹೊನ್ನೆಯ ಬಿರಡೆ ಜಡಿದು ಮುಚ್ಚಿದ. ಒಂದೊಂದು ಕಾಲಿಗೆ ಎರಡೆರಡು ಹೊಸ ತೂತು ಕೊರೆದು ಹಲ್ಲು ತೆಗೆದ. ಪಂಪಿನ ಮುಚ್ಚಳಕ್ಕೆ ಹಾಕುವಂಥ, ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಎಂಟು ಕಬ್ಬಿಣದ ತಿರುಪು ಆರಿಸಿದ. ಪುಟ್ಟಾಚಾರ್ರು ಬಾಗಿಲಲ್ಲಿ ನಿಂತು ಬೀಡಿ ಸೇದುತ್ತ ನೋಡಿದರು. ಮರ ಮರವೇ, ಕಬ್ಬಿಣ ಕಬ್ಬಿಣವೇ, ನಾಲ್ಕು ಸಲ ಬಿಚ್ಚುವಷ್ಟರಲ್ಲಿ ಆ ಹಲ್ಲೆಲ್ಲ ಮುದುಕಿಯ ಹಲ್ಲಿನ ಹಾಗೆ ಉದುರುತ್ತವೆ ಎಂದು ನಕ್ಕರು. ಅಪ್ಪ ಮಂಚ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ ತೋರಿಸಿದ. ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಹಿಡಿಯಲಿಲ್ಲ. ಮಂಚ ಕಿರ್ ಅನ್ನಲಿಲ್ಲ. ನೂರು ಸಲ ಬಿಚ್ಚಿದರೂ ಹೀಗೇ ಇರುತ್ತದೆ ಎಂದು ಹೆಮ್ಮೆಯಿಂದ ಎದೆ ಉಬ್ಬಿಸಿ ಅಜ್ಜಿಯ ಕಡೆ ನೋಡಿದ. ಅಜ್ಜಿ ಮಂಚದ ಪಟ್ಟಿ ಸವರುತ್ತ ಕೂತಿದ್ದವಳು ಮೆಲ್ಲಗೆ ಹೇಳಿದಳು.

“ಒಳ್ಳೇದಾಯ್ತು ಬುಡು ಮಗ. ಇನ್ಮೇಲೆ ನನ್ನ ಕಳ್ಸದು ಸಲೀಸಾಯ್ತು.”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅಜ್ಜಿ ನಕ್ಕಳೋ ಇಲ್ಲವೋ ನನಗೆ ನೆನಪಿಲ್ಲ, ನಾನು ಅಪ್ಪನನ್ನೇ ನೋಡುತ್ತಿದ್ದೆ.

ಅಲ್ಲಿಂದ ಆರು ವರ್ಷ ಆ ಮಂಚ ಮೂರು ಊರು ಸುತ್ತಿತು. ಹೊರಡುವ ಬೆಳಗ್ಗೆ ಅಪ್ಪ ಎಂಟು ತಿರುಪನ್ನೂ ತೆಗೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಗಂಟು ಕಟ್ಟಿ ಅಜ್ಜಿಯ ಮಡಿಲಿಗೆ ಹಾಕುತ್ತಿದ್ದ. ಬಸ್ ಕಂಡಕ್ಟರಿಗೆ ನಮ್ಮ ಮಂಚದ ಗುರುತು ಸಿಕ್ಕಿಹೋಗಿತ್ತು. ಅಜ್ಜಿ ಕಿಟಕಿಯ ಪಕ್ಕ ಕೂತು, ತಲೆಯ ಮೇಲೆ ಟಾಪಿನಲ್ಲಿ ಮಂಚದ ಕಾಲುಗಳು ಕುಲುಕುವ ಸದ್ದು ಕೇಳಿಸಿಕೊಳ್ಳುತ್ತ, ಮಡಿಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಿದ್ದಳು. ಹನೂರು ದಾಟಿದ ಮೇಲೆ ರಸ್ತೆ ಕೆಟ್ಟದ್ದು. ಒಂದೊಂದು ಗುಂಡಿಗೂ ಅವಳು ಸೊಂಟ ಹಿಡಿದು ಮಾದಪ್ಪನನ್ನು ಕೂಗುವಳು. ಇತ್ತ ಅಪ್ಪನ ಹೆಸರು ಹಬ್ಬಿತು. ನೇಕಾರರು ಮಗ್ಗದ ಮರಗಳನ್ನು ತಂದು ಹಲ್ಲು ಕೊರೆಸಿಕೊಂಡು ಹೋದರು. ಮಧುವನಹಳ್ಳಿಯಿಂದ ಯಾರೋ ಭಜನೆಯ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ತಂದರು. ಪುಟ್ಟಾಚಾರ್ರು ಎದುರಿಗೆ ಸಿಕ್ಕಾಗಲೆಲ್ಲ ಅಪ್ಪ ಬೇಕೆಂದೇ, ಇದು ಹದಿನಾರನೆಯ ಸಲ ಆಚಾರ್ರೇ, ಇದು ಹದಿನೇಳನೆಯ ಸಲ ಎಂದು ಲೆಕ್ಕ ಒಪ್ಪಿಸುತ್ತಿದ್ದ. ಆಗ ಅವನ ಮುಖ ನೋಡಬೇಕಿತ್ತು ನೀವು.

ನನಗೆ ಹತ್ತು ತುಂಬಿದ ವರ್ಷದ ಯುಗಾದಿ. ಇನ್ನು ನಾಲ್ಕು ದಿನಕ್ಕೆ ದೊಡ್ಡಪ್ಪ ಬಂದು ಅಜ್ಜಿಯನ್ನು ಕರೆದುಕೊಂಡು ಹೋಗಬೇಕು. ಮಧ್ಯಾಹ್ನ ಸ್ಕೂಲಿನಿಂದ ಬಂದವಳು ಕೋಣೆಗೆ ನುಗ್ಗಿದರೆ ಅಜ್ಜಿ ನೆಲಕ್ಕೆ ಕೂತು, ಅಡಕತ್ತರಿಯ ತುದಿಯನ್ನು ತಿರುಪಿನ ತಲೆಯ ಗೀರಿಗೆ ಸಿಕ್ಕಿಸಿ ತಿರುಗಿಸುತ್ತಿದ್ದಳು. ಅಪ್ಪನ ಹಲ್ಲು ಅಷ್ಟು ನಯ, ಮುದುಕಿಯ ಕೈಗೂ ಬಗ್ಗುತ್ತಿತ್ತು. ತಿರುಪು ಹೊರಬಂತು. ಅವಳು ಅದನ್ನು ಎಲೆ ಅಡಿಕೆಯ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕ ಇಟ್ಟು ದಾರ ಎಳೆದಳು. ಆಮೇಲೆ ನನ್ನನ್ನು ನೋಡಿದಳು. ಬೆಲ್ಲ ಕೊಟ್ಟು ಬಾಯಿ ಮುಚ್ಚಿಸಲು ನೋಡಿದಳು, ನಾನು ಬೆಲ್ಲ ತಿಂದು ಮತ್ತೆ ಯಾಕೆ ಅಂದೆ. ಅವಳು ಹೇಳಿದ್ದು ಇಷ್ಟೇ.

“ಮೂರ್ ಮನೆ ಇರೋಳ್ಗೆ ಒಂದ್ ಮನೇನೂ ಇಲ್ಲ ಕಣ್ ಕೂಸೇ. ಎಲ್ಲಾದ್ರೂ ಸರಿ, ಒಂದ್ಕಡೆ ಇದ್ದು ಸಾಯ್ಬೇಕು.”

ಎರಡು ದಿನ ಬಿಟ್ಟು ಅಪ್ಪ ಎಣ್ಣೆ ಹಾಕಲು ಬಂದಾಗ ಒಂದು ತೂತು ಖಾಲಿ. ಮಂಚದ ಕೆಳಗೆಲ್ಲ ತೆವಳಿ ಹುಡುಕಿದ, ಕಸದ ಮೊರ ಜಾಲಿಸಿದ. ಕೊನೆಗೆ ವರ್ಕ್‌ಶಾಪಿನ ಡಬ್ಬದಿಂದ ಅದೇ ಅಳತೆಯ ಇನ್ನೊಂದು ತಿರುಪು ತಂದು ಹಾಕಿಬಿಟ್ಟ. ಗೋಡೆಗೆ ಒರಗಿ ಕೂತಿದ್ದ ಅಜ್ಜಿಯ ಮುಖ ಸಣ್ಣದಾಯಿತು. ಪಾಪ, ಡಬ್ಬದಲ್ಲಿ ಅಂಥವು ನೂರಾರು ಇರುತ್ತವೆ ಎಂದು ಅವಳಿಗೇನು ಗೊತ್ತು? ಆದರೆ ಅಪ್ಪನೂ ಸರಿಯಿರಲಿಲ್ಲ. ಸಂಜೆ ಊಟ ಸೇರಲಿಲ್ಲ. ತಿರುಪು ತಾನಾಗಿ ಸಡಿಲವಾಗಿ ಬಿದ್ದುಹೋಯಿತೇ, ಹಾಗಾದರೆ ನನ್ನ ಹಲ್ಲು ಸವೆಯುತ್ತಿದೆಯೇ, ಮೇಲೆ ಮಲಗಿದಾಗ ಅವ್ವ ಮತ್ತೆ ಬಿದ್ದರೆ ಏನು ಗತಿ ಎಂದು ನನ್ನ ಅವ್ವನ ಹತ್ತಿರ ಹೇಳಿಕೊಂಡು ಒದ್ದಾಡುತ್ತಿದ್ದ. ಅವನ ಆ ಸಪ್ಪೆ ಮುಖ ನನ್ನಿಂದ ನೋಡಲಾಗಲಿಲ್ಲ. ಲೋಕದಲ್ಲೇ ದೊಡ್ಡ ಮೆಕ್ಯಾನಿಕ್ಕು ನನ್ನ ಅಪ್ಪ. ಅವನ ಕೆಲಸ ಕೆಡುವುದುಂಟೆ? ಬೆಳಗ್ಗೆ ವರ್ಕ್‌ಶಾಪಿಗೆ ಹೋಗಿ ಅವನ ಕಿವಿಯಲ್ಲಿ ಹೇಳಿಬಿಟ್ಟೆ.

“ನಿನ್ ತಿರುಪು ಸಡ್ಲ ಆಗಿಲ್ಲ ಅಪ್ಪಾ. ಅಜ್ಜಿನೇ ಬಿಚ್ಚಿ ಸಂಚೀಲಿ ಇಟ್ಕಂಡದೆ.”

ಯಾಕೆ ಎಂದು ಕೇಳಿದ. ಮೂರು ಮನೆಯ ಮಾತನ್ನೂ ಹೇಳಿದೆ. ಶಭಾಷ್ ಅನ್ನುತ್ತಾನೆ ಎಂದು ಕಾದೆ. ಅಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ಹೋಗು, ಯಾರಿಗೂ ಹೇಳಬೇಡ ಎಂದ. ಆಗಲೇ ನನಗೆ ಅಯ್ಯೋ, ಅಜ್ಜಿಯ ಮೇಲೆ ಚಾಡಿ ಹೇಳಿದೆನಲ್ಲ ಎನಿಸಿತು. ಕೊಟ್ಟ ಬೆಲ್ಲ ತಿಂದು ಗುಟ್ಟು ಬಿಟ್ಟೆನಲ್ಲ ಎನಿಸಿತು. ಆ ಕಸಿವಿಸಿ ನನ್ನನ್ನು ಬಹಳ ವರ್ಷ ಕಾಡಿತು. ಅದೇ ಮಧ್ಯಾಹ್ನ ಅಪ್ಪ ಅಜ್ಜಿಯನ್ನು ಪಕ್ಕದ ಮನೆಗೆ ಒಬ್ಬಟ್ಟಿನ ಹೂರಣ ರುಬ್ಬುವುದನ್ನು ನೋಡಿಕೊಂಡು ಕೂರಲು ಕಳಿಸಿದ. ಎಂಟು ತಿರುಪುಗಳೂ ಪೆಟ್ರೋಲಿನಲ್ಲಿ ಮಿಂದು ಜಗುಲಿಯ ಬಿಸಿಲಲ್ಲಿ ಸಾಲಾಗಿ ಒಣಗುತ್ತಿದ್ದವು. ಪ್ರಯಾಣಕ್ಕೆ ಮುಂಚೆ ಚೊಕ್ಕ ಮಾಡುತ್ತಿದ್ದಾನೆ ಎಂದುಕೊಂಡೆ.

ಹಬ್ಬದ ಮಾರನೆಯ ದಿನ ದೊಡ್ಡಪ್ಪ ಬಂದ. ಊಟವಾಯಿತು, ಹಗ್ಗ ತಂದರು, ಅಪ್ಪ ಸ್ಕ್ರೂ ಡ್ರೈವರ್ ಹಿಡಿದು ಕೋಣೆಗೆ ಹೋದ. ತಿರುಪು ತಿರುಗಲಿಲ್ಲ. ಇನ್ನೊಂದು, ಮತ್ತೊಂದು, ಊಹೂಂ. ದೊಡ್ಡಪ್ಪ ನೇಗಿಲು ಹಿಡಿದ ಕೈಯವನು, ನನಗೆ ಕೊಡು ಎಂದು ಕಸಿದುಕೊಂಡು ಹಲ್ಲು ಕಚ್ಚಿ ತಿರುಗಿಸಿದ. ಕತ್ತಿನ ನರ ಎದ್ದಿತೇ ಹೊರತು ತಿರುಪು ಏಳಲಿಲ್ಲ. ಪುಟ್ಟಾಚಾರ್ರನ್ನು ಕರೆಸಿದರು. ಅವರೂ ತಟ್ಟಿ ನೋಡಿ ತಲೆ ಕೊಡವಿದರು. ಆಗ ಅಪ್ಪ, ಅಷ್ಟು ಜನರ ಎದುರು, ಗೋಡೆಯ ಕಡೆ ನೋಡಿಕೊಂಡು ಹೇಳಿದ.

“ಆಚಾರ್ರು ಏಳಿದ್ದೇ ದಿಟ ಕಣಣ್ಣ. ಕಬ್ಬುಣದ ಕೆಲ್ಸ ಮರಕ್ಕೆ ಮಾಡ್ದೆ, ನಂದೇ ತಪ್ಪು. ತುಕ್ಕಿಡ್ದು ಕಚ್ಕಂಡದೆ. ಬಲವಂತ ಮಾಡುದ್ರೆ ಅಲ್ಲು ಕಿತ್ಕಂಡ್ ಬತ್ತದೆ, ಮಂಚ ಮತ್ತೆ ನಿಲ್ಲಕಿಲ್ಲ.”

ದೊಡ್ಡಪ್ಪ ಕೂಗಾಡಿದ. ಅವ್ವನನ್ನು ನಾವು ಸಾಕಲಾರದವರಾ ಎಂದ. ಹೊಸ ಮಂಚ ಮಾಡಿಸುತ್ತೇನೆ ಎಂದ. ಅಜ್ಜಿ ಮಂಚದ ಪಟ್ಟಿಯನ್ನು ಹಿಡಿದುಕೊಂಡು ಕೂತಿದ್ದಳು, ಏಳಲಿಲ್ಲ. ಅವಳ ಮಂಚದ ಹಟ ಮೂವರಿಗೂ ಗೊತ್ತಿದ್ದದ್ದೇ. ಹೊತ್ತು ಇಳಿಯುವಾಗ ದೊಡ್ಡಪ್ಪ ಬರಿಗೈಯಲ್ಲಿ ಬಸ್ಸು ಹತ್ತಿದ. ತಪ್ಪು ಅಣ್ಣನದಲ್ಲ, ತಮ್ಮನದೂ ಅಲ್ಲ, ಯಾರ ಮರ್ಯಾದೆಯೂ ಹೋಗಲಿಲ್ಲ. ಹೋದದ್ದು ಅಪ್ಪನ ತಿರುಪಿನ ಮರ್ಯಾದೆ ಮಾತ್ರ. ಅಜ್ಜಿ ಅಂದು ಸಂಜೆ ದೀಪಕ್ಕೆ ಕೈಮುಗಿದು, ಮಾದಪ್ಪ ಕಣ್ಣು ಬಿಟ್ಟ ಎಂದಳು. ಅಪ್ಪ ಹೂಂ ಎಂದ.

ಅಜ್ಜಿ ಆಮೇಲೆ ಎರಡು ವರ್ಷ ಇದ್ದಳು. ಹಬ್ಬಹಬ್ಬಕ್ಕೆ ದೊಡ್ಡಪ್ಪ, ಚಿಕ್ಕಪ್ಪ ತಾವೇ ಬರತೊಡಗಿದರು. ಮನೆ ತುಂಬಿರುತ್ತಿತ್ತು. ಅಜ್ಜಿ ಹಿತ್ತಿಲಲ್ಲಿ ನುಗ್ಗೆಯ ಕೊಂಬೆ ನೆಟ್ಟಳು. ಅದು ಕಾಯಿ ಬಿಡುವವರೆಗೆ ತಾನು ಇಲ್ಲೇ ಎಂದು ಅವಳಿಗೆ ಧೈರ್ಯ ಬಂದಿತ್ತು. ಎರಡು ಸಲ ಕಾಯಿ ತಿಂದಳು. ಒಂದು ಬೆಳಗ್ಗೆ ಆ ಮಂಚದ ಮೇಲೆಯೇ ಕಣ್ಣು ಮುಚ್ಚಿದಳು. ಸಂಚಿ ಬಿಚ್ಚಿದಾಗ ಒಣಗಿದ ಎಲೆಯ ನಡುವೆ ಆ ಒಂದು ತಿರುಪು ಸಿಕ್ಕಿತು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟ.

ಅಪ್ಪ ಮಾತ್ರ ಮಂಚ ಕಚ್ಚಿಕೊಂಡ ದಿನದಿಂದ ಮರಕ್ಕೆ ಹಲ್ಲು ಕೊರೆಯಲಿಲ್ಲ. ಮಗ್ಗದವರು ಬಂದರೆ, ಆಚಾರ್ರ ಹತ್ತಿರ ಹೋಗಿ, ಮರವನ್ನು ನಂಬಬಾರದು ಎಂದು ಕಳಿಸಿಬಿಡುತ್ತಿದ್ದ. ಬೀದಿಯಲ್ಲಿ ಪುಟ್ಟಾಚಾರ್ರು, ಮರಕ್ಕೆ ಬೋಲ್ಟು ಹಾಕಿದ ಯಜಮಾನರು ಬಂದರು ಎಂದು ರೇಗಿಸಿದರೆ ತಾನೂ ನಗುವನು. ನಾನೂ ಬಿಡಲಿಲ್ಲ. ಮದುವೆಯಾಗಿ ಯಳಂದೂರಿಗೆ ಹೋಗಿ, ಮೊದಲ ಬಸಿರಿನಲ್ಲಿ ತವರಿಗೆ ಬಂದಾಗ ಅಪ್ಪ ಟ್ಯಾಪುಗಳ ಪಂಚೆಯ ಗಂಟನ್ನು ಹೊರತೆಗೆದಿದ್ದ. ಬಿಚ್ಚಿ ಬಸ್ಸಿನಲ್ಲಿ ಒಯ್ಯುವಂಥ ತೊಟ್ಟಿಲು ಮಾಡಿಕೊಡಲೇ ಎಂದು ಕೇಳಿದ. ನಾನು ನಕ್ಕುಬಿಟ್ಟೆ.

“ಬ್ಯಾಡಪ್ಪ. ನಿನ್ ತಿರುಪು ಕಚ್ಕಂಡ್ರೆ ತೊಟ್ಲು ಇಲ್ಲೇ ಉಳ್ಕತ್ತದೆ.”

ಅವನು ಗಂಟನ್ನು ಹಾಗೇ ಒಳಗಿಟ್ಟು, ಮಾರನೆಯ ದಿನ ಅಂಗಡಿಯಿಂದ ಕಬ್ಬಿಣದ ತೊಟ್ಟಿಲು ತಂದ. ಆ ಗಂಟನ್ನು ಮತ್ತೆ ನಾನು ನೋಡಿದ್ದು ಅವನು ತೀರಿಕೊಂಡ ಮೇಲೆ.

ನಾಗರಾಜ ಟೀ ಕುಡಿದು ಬಂದ. ಇವನು ಪುಟ್ಟಾಚಾರ್ರ ಮಗನೇ, ಹೇಳಲು ಮರೆತೆ. ಮರದ ಎಳೆ ನೋಡಿ ಉಳಿ ಇಟ್ಟು ಕೊಡತಿಯಲ್ಲಿ ನಾಲ್ಕು ಏಟು ಹಾಕಿದ. ಕಾಲಿನ ಮೇಲ್ಭಾಗ ಹಲಸಿನ ತೊಳೆ ಬಿಡಿಸಿದ ಹಾಗೆ ಉದ್ದಕ್ಕೆ ಸೀಳಿತು. ಒಳಗೆ ತಿರುಪು ಮಲಗಿತ್ತು. ಅವನು ಬಾಗಿ ನೋಡಿದವನು ತಕ್ಷಣ ಏಳಲಿಲ್ಲ.

“ಅಕ್ಕಾ, ಇಲ್ಲಿ ಬನ್ನಿ. ಅಲ್ಲು ಒಂದೂ ಓಗಿಲ್ಲ. ತುಕ್ಕೂ ಇಲ್ಲ. ಇದು ತಾನಾಗಿ ಕಚ್ಕಂಡಿಲ್ಲ ಕಣಕ್ಕ, ಯಾರೋ ಬೇಕಂತ್ಲೇ ಅಂಟು ಆಕವ್ರೆ.”

ನೋಡಿದೆ. ಹೊನ್ನೆಯ ಮೈಯಲ್ಲಿ ಒಂದರ ಕೆಳಗೊಂದು ಹಲ್ಲು, ನನ್ನ ಕಿರುಬೆರಳು ಬಲ್ಲ ಅದೇ ಹಲ್ಲುಗಳು, ನಿನ್ನೆ ಕೊರೆದಷ್ಟು ಚೂಪು. ಅವುಗಳ ಸಂದಿಯಲ್ಲೆಲ್ಲ ಜೇನಿನ ಬಣ್ಣದ ಅಂಟು ಗಾಜಿನಂತೆ ಗಟ್ಟಿಯಾಗಿತ್ತು. ಪಂಪಿನ ಬಿರುಕು ಮುಚ್ಚಲು ಅಪ್ಪ ಎರಡು ಟ್ಯೂಬಿನಿಂದ ಹಿಂಡಿ ಕಲಸುತ್ತಿದ್ದ ಅಂಟು. ಜಗುಲಿಯ ಬಿಸಿಲಲ್ಲಿ ಒಣಗುತ್ತಿದ್ದ ಎಂಟು ತಿರುಪು ಕಣ್ಣಿಗೆ ಬಂದವು. ಎಣ್ಣೆಯ ಪಸೆ ಇದ್ದರೆ ಅಂಟು ಹಿಡಿಯುವುದಿಲ್ಲ, ಅದಕ್ಕೇ ಪೆಟ್ರೋಲು. ನಾನು ಅಲ್ಲೇ ನೆಲದ ಮೇಲೆ ಕೂತೆ. ಅಪ್ಪಾ, ಒಂದು ಮಾತು ಹೇಳಬಾರದಿತ್ತೇ? ತೊಟ್ಟಿಲ ದಿನವಾದರೂ ಹೇಳಬಾರದಿತ್ತೇ? ನಾಗರಾಜ ಕೊಡತಿಯನ್ನು ಮಡಿಲಲ್ಲಿ ಇಟ್ಟುಕೊಂಡು, ತನ್ನ ಅಪ್ಪ ಸಾಯುವವರೆಗೂ ಈ ಮಂಚದ ಕತೆ ಹೇಳಿ ನಗುತ್ತಿದ್ದದ್ದನ್ನು ನೆನೆದು ತಲೆ ತಗ್ಗಿಸಿದ. ನಾನು ಅತ್ತು ಮುಗಿಸಿದ ಮೇಲೆ, ಉಳಿದ ಮೂರು ಕಾಲು ಸೀಳಲೇ ಎಂದು ಕೇಳಿದ.

ಬೇಡ ಎಂದೆ. ಸೀಳಿದ ಕಾಲಿಗೆ ಹಗ್ಗ ಬಿಗಿಸಿದೆ. ಮನೆ ಹೇಗೂ ಇನ್ನೆರಡು ದಿನಕ್ಕೆ ಬೀಳುತ್ತದೆ, ಬಾಗಿಲ ಚೌಕಟ್ಟು ಒಡೆದುಹಾಕು ಎಂದೆ. ಅವನು ಹಾರೆ ತಂದು ಚೌಕಟ್ಟು ಕಿತ್ತ, ಗೋಡೆಯ ಎರಡು ಸಾಲು ಇಟ್ಟಿಗೆಯನ್ನೂ ಕಿತ್ತ. ಬೀದಿಯವರು ಸೇರಿ ನಾಲ್ಕು ಜನ ನಾಲ್ಕು ಮೂಲೆ ಹಿಡಿದರು. ನಾನು ಸಂಚಿಯ ತಿರುಪನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಹಿಂದೆ ಹೋದೆ. ನಡುಮನೆ ದಾಟಿ, ಅಪ್ಪನ ಖಾಲಿ ವರ್ಕ್‌ಶಾಪು ದಾಟಿ, ಮಂಚ ಬೀದಿಯಲ್ಲಿ ನಿಂತಿದ್ದ ಲಗೇಜ್ ಆಟೋ ಏರಿತು. ಅಜ್ಜಿಯ ಮಂಚ ಬಿಚ್ಚದೆ ಮನೆ ಬಿಟ್ಟು ಹೊರಟದ್ದು ಅದೇ ಮೊದಲು.